ಎಡಗೈಯಲ್ಲಿ ಹಾಕಿದ ಸಹಿ

ಟೆನಿಸ್ ಚೆಂಡಿನ ಹೊಸ ಡಬ್ಬದ ಮುಚ್ಚಳ ಎಳೆದರೆ ಮೊದಲು ಪುಸ್ ಎಂದು ಗಾಳಿ ಹೋಗುತ್ತದೆ, ಆಮೇಲೆ ಒಂದು ವಾಸನೆ ಬರುತ್ತದೆ. ಹೊಸ ರಬ್ಬರಿನದ್ದು, ಚಪ್ಪಲಿ ಅಂಗಡಿಯದ್ದು, ಸ್ವಲ್ಪ ಸೀಮೆಎಣ್ಣೆಯದ್ದೂ ಕೂಡ. ಒಳ್ಳೆಯ ವಾಸನೆ ಎಂದು ಹೇಳಲಾರೆ. ಕಳೆದ ತಿಂಗಳು ಸಾಲ್ಮಿಯಾದ ಮಗಳ ಮನೆಯಲ್ಲಿ ನಾನು ಬೀನ್ಸಿನ ನಾರು ತೆಗೆಯುತ್ತ ಕುಳಿತಿದ್ದಾಗ ಮೊಮ್ಮಗಳು ನನ್ನ ಪಕ್ಕದಲ್ಲೇ ಅಂಥದ್ದೊಂದು ಡಬ್ಬ ತೆರೆದಳು. ನನ್ನ ಕೈ ಅಲ್ಲಿಗೇ ನಿಂತಿತು.

"ವಾಟ್ ಹ್ಯಾಪನ್ಡ್ ಅಜ್ಜಿ?" ಎಂದು ಕೇಳಿದಳು. ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

"ಎಂತದೂ ಇಲ್ಲ. ನೀನು ಆಡ್ಲಿಕ್ಕೆ ಹೋಗು" ಎಂದೆ.

ಅವಳು ಹೋದಳು. ನಾನು ಆ ಬೀನ್ಸನ್ನು ಅರ್ಧದಲ್ಲೇ ಬಿಟ್ಟು ಸುಮ್ಮನೆ ಕುಳಿತೆ... ಮೂವತ್ತು ವರ್ಷಕ್ಕೂ ಹಿಂದೆ ಇದೇ ಕುವೈತಿನಲ್ಲಿ ನನಗೆ ಒಬ್ಬಳು ಅಕ್ಕ ಇದ್ದಳು. ಒಡಹುಟ್ಟಿದವಳಲ್ಲ, ನಮ್ಮ ದೇಶದವಳೂ ಅಲ್ಲ. ರಷ್ಯಾದವಳು.

ಆಗ ನಾವು ರುಮೈಥಿಯಾದಲ್ಲಿ ಇದ್ದೆವು. ಒಂದು ದೊಡ್ಡ ಮನೆಯ ಹಿಂದೆ ಸಾಲಾಗಿ ಕಟ್ಟಿದ ಬಾಡಿಗೆ ಕೋಣೆಗಳಲ್ಲಿ ಕೊನೆಯದು ನಮ್ಮದು. ನಮ್ಮವರು ಶುವೈಖ್‌ನಲ್ಲಿ ವಾಹನಗಳ ಸ್ಪೇರ್ ಪಾರ್ಟ್ಸ್ ಮಾರುವ ಒಂದು ಕಂಪನಿಯ ವ್ಯಾನ್ ಓಡಿಸುತ್ತಿದ್ದರು. ನಾನು ಕೋಣೆಯಲ್ಲೇ ಹೊಲಿಗೆ ಮೆಶಿನ್ ಇಟ್ಟುಕೊಂಡು ಸುತ್ತಲಿನ ಮನೆಯ ಹೆಂಗಸರಿಗೆ ಬಟ್ಟೆ ಹೊಲಿಯುತ್ತಿದ್ದೆ. ಮಗಳು ಆಗ ಏಳು ವರ್ಷದವಳು, ಊರಿನಲ್ಲಿ ನನ್ನ ಅಮ್ಮನ ಹತ್ತಿರ ಶಾಲೆಗೆ ಹೋಗುತ್ತಿದ್ದಳು.

ನಮ್ಮ ಪಕ್ಕದ ಕಟ್ಟಡದ ಕೆಳಮನೆಯಲ್ಲಿ ಆ ರಷ್ಯಾದಕ್ಕ ಇದ್ದಳು. ಅವಳ ಗಂಡ ಪ್ಯಾಲೆಸ್ತೀನಿನವರು, ಇಂಜಿನಿಯರ್. ಓದಲಿಕ್ಕೆಂದು ರಷ್ಯಾಕ್ಕೆ ಹೋದವರು ಇವಳನ್ನು ಮದುವೆಯಾಗಿ ಕರೆದುಕೊಂಡು ಬಂದದ್ದಂತೆ. ಮಕ್ಕಳಿರಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದರು. ಅಕ್ಕನಿಗೆ ಆಗ ನಲವತ್ತೈದರ ಆಚೆ ಈಚೆ, ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡಸಿನ ಹಾಗೆ ಅಗಲ ಭುಜ, ಬಲ ಮೊಣಕಾಲಿನ ಮೇಲೆ ಉದ್ದಕ್ಕೆ ಒಂದು ಆಪರೇಷನ್ ಗಾಯ, ನಡೆದರೆ ಸ್ವಲ್ಪ ವಾಲುತ್ತಿದ್ದಳು. ಶ್ರೀಮಂತರ ಮನೆಯ ಹುಡುಗಿಯರಿಗೆ ಟೆನಿಸ್ ಕಲಿಸುವುದು ಅವಳ ಕೆಲಸ.

ಹೊಲಿಗೆಯಿಂದಲೇ ನಮ್ಮ ಪರಿಚಯ. ಹುಡುಗಿಯರಿಗೆ ಬಿಳಿ ಲಂಗ ಬೇಕೆಂದು ಬಟ್ಟೆ ತಂದುಕೊಟ್ಟಳು. ಕಿಸೆ ಬೇಕು ಎಂದಳು. ನಾನು ಎರಡೂ ಬದಿ ಅಂದವಾಗಿ ಸಣ್ಣ ಕಿಸೆ ಇಟ್ಟು ಹೊಲಿದೆ, ಕರವಸ್ತ್ರ ಇಟ್ಟುಕೊಳ್ಳುವಷ್ಟು. ಅಕ್ಕ ಬಂದು ನೋಡಿದಳು, ತನ್ನ ಚೀಲದಿಂದ ಒಂದು ಚೆಂಡು ತೆಗೆದು ಕಿಸೆಗೆ ತುರುಕಿದಳು. ಅದು ಅರ್ಧಕ್ಕೆ ಸಿಕ್ಕಿಕೊಂಡಿತು.

"ಇದು ಎಂತಕ್ಕೆ? ಮಿಠಾಯಿ ಇಡ್ಲಿಕ್ಕಾ?" ಎಂದಳು.

"ಚೆಂಡು ಇಡ್ಲಿಕ್ಕೆ ಅಂತ ಹೇಳ್ಬೇಕಿತ್ತು. ನನಗೆ ಕನಸು ಬೀಳ್ತದಾ?" ಎಂದೆ.

ಅವಳು ಜೋರಾಗಿ ನಕ್ಕಳು. ನಾನು ಹೊಲಿದ ಬಟ್ಟೆ ಬಿಚ್ಚಿ ಮತ್ತೆ ಹೊಲಿದೆ. ನಮ್ಮಿಬ್ಬರ ಮಾತು ಅರಬಿ, ಹಿಂದಿ, ಇಂಗ್ಲಿಷ್ ಎಲ್ಲ ಕಲಸಿದ್ದು. ಅವಳ ಅರಬಿ ಗಂಡನಿಂದ ಕಲಿತದ್ದು, ನನ್ನದು ಗಿರಾಕಿಗಳಿಂದ. ಇಲ್ಲಿ ನಾನು ಎಲ್ಲವನ್ನೂ ನಮ್ಮ ಮಾತಿನಲ್ಲೇ ಬರೆಯುತ್ತೇನೆ, ಇಲ್ಲದಿದ್ದರೆ ಓದುವವರಿಗೆ ತಲೆಬೇನೆ.

ಅವಳು ದಿನಾ ಮಧ್ಯಾಹ್ನ ಮೂರು ಗಂಟೆಗೆ ಬಂದು ನನ್ನ ಮೆಶಿನ್ ಪಕ್ಕದ ಡಬ್ಬದ ಮೇಲೆ ಕೂರುತ್ತಿದ್ದಳು. ಸಕ್ಕರೆ ಹಾಕದ ಚಹಾ ಕುಡಿದು, ಸಕ್ಕರೆಯನ್ನು ಬೇರೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವಳು ಬಂದರೆ ಆ ಚೆಂಡಿನ ವಾಸನೆಯೂ ಬರುತ್ತಿತ್ತು. ನಾನು ಮಾಡಿದ ನೀರುದೋಸೆಯನ್ನು ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು, "ಇದರಲ್ಲಿ ಪೇಪರ್ ಓದಬಹುದು" ಎನ್ನುತ್ತಿದ್ದಳು. ತಿನ್ನುವಾಗ ಮಾತ್ರ ಎಂಟು ಹತ್ತು ಬೇಕು.

ಒಂದು ಸಲ ಆಯುಧ ಪೂಜೆಯ ದಿನ ಬಂದಳು. ನಾನು ಮೆಶಿನಿಗೆ, ಕತ್ತರಿಗೆ, ತೆಂಗಿನಕಾಯಿ ತುರಿಯುವ ಮಣೆಗೆ ಎಲ್ಲ ಕುಂಕುಮ ಇಟ್ಟಿದ್ದೆ. ಇದೆಲ್ಲ ಯಾಕೆ ಎಂದು ಕೇಳಿದಳು. ಅನ್ನ ಕೊಡುವ ಸಾಮಾನಿಗೆ ವರ್ಷಕ್ಕೊಮ್ಮೆ ಕೈಮುಗಿಯುವುದು ಎಂದೆ. ಎದ್ದು ಮನೆಗೆ ಹೋಗಿ ತನ್ನ ಹಳೆಯ ಮರದ ರಾಕೆಟ್ ತಂದಳು. ನಾನು ಅದಕ್ಕೂ ಕುಂಕುಮ ಇಟ್ಟು, ದೇವರ ಫೋಟೋದ ಎದುರು ನಿಲ್ಲಿಸಿ ಆರತಿ ಎತ್ತಿದೆ. ಎಲ್ಲ ಮುಗಿದ ಮೇಲೆ, ಈ ಬಲೆಯ ದಾರ ಯಾವುದರದ್ದು, ಇಷ್ಟು ಗಟ್ಟಿ ಉಂಟಲ್ಲ ಎಂದು ಕೇಳಿದೆ. ಅಕ್ಕ ತನ್ನ ಹೊಟ್ಟೆ ತೋರಿಸಿ, ಕರುಳು ಎಂದು ಕೈಯಲ್ಲಿ ಎಳೆದು ತೋರಿಸಿದಳು. ಯಾವ ಪ್ರಾಣಿಯದ್ದು ಎಂದರೆ ಅದರ ಹಾಗೆ ಕೂಗಿದಳು. ಅವಳು ಕೂಗಿದ್ದು ಆಡಿನ ಹಾಗೋ ದನದ ಹಾಗೋ ನಾನು ಮತ್ತೆ ಕೇಳಲಿಲ್ಲ. ಕೇಳಿದರೆ ಕಷ್ಟ. ಚೆಂಡೆ ಮದ್ದಳೆಗೂ ಚರ್ಮವೇ ಅಲ್ಲವಾ ಎಂದು ನಮ್ಮವರು ಹೇಳಿದರು. ಅಲ್ಲಿಗೆ ಮುಗಿಸಿದೆವು.

ಅವಳು ತನ್ನ ದೇಶದಲ್ಲಿ ದೊಡ್ಡ ಆಟಗಾರ್ತಿಯಾಗಿದ್ದಳಂತೆ. ಈ 'ಅಂತೆ'ಯನ್ನು ನಾನು ಬೇಕೆಂದೇ ಬರೆಯುತ್ತಿದ್ದೇನೆ. ಗಲ್ಫಿಗೆ ಬಂದವರೆಲ್ಲ ಊರಿನಲ್ಲಿ ತಾವು ದೊಡ್ಡ ಮನುಷ್ಯರಾಗಿದ್ದೆವು ಎಂದೇ ಹೇಳುವುದು. ನಾನು ನಂಬಿರಲಿಲ್ಲ. ಒಂದು ದಿನ ಅವಳು ಒಂದು ಬೂಟಿನ ಪೆಟ್ಟಿಗೆ ತಂದು ನನ್ನ ಮೆಶಿನಿನ ಮೇಲೆ ಸುರಿದಳು. ಬರೀ ಪೇಪರಿನ ತುಂಡುಗಳು, ಫೋಟೋಗಳು. ಆ ಅಕ್ಷರ ನನಗೆ ಎಲ್ಲಿ ಬರಬೇಕು, ನಾನು ಓದಿದ್ದೇ ಐದನೇ ಕ್ಲಾಸು. ಆದರೆ ಫೋಟೋ ನೋಡಲಿಕ್ಕೆ ಶಾಲೆ ಬೇಡ. ಸಪೂರ ಹುಡುಗಿ, ಎರಡು ಜಡೆ, ಕಾಲು ನೆಲ ಬಿಟ್ಟು ಗಾಳಿಯಲ್ಲಿ ಉಂಟು. ಹಿಂದೆ ಸಾವಿರಗಟ್ಟಲೆ ಜನ. ಇನ್ನೊಂದರಲ್ಲಿ ಹಿಮದಲ್ಲಿ ಹೂ ಹಿಡಿದು ನಿಂತ ಹುಡುಗರು. ಅವಳು ರೊಟ್ಟಿ ಅಂಗಡಿಗೆ ಹೋದರೆ ಸಾಲಿನಲ್ಲಿದ್ದವರು ಮುಂದೆ ಬಿಡುತ್ತಿದ್ದರಂತೆ. ಎಲ್ಲಿಯೋ ಗಣಿಯಲ್ಲಿ ಕೆಲಸ ಮಾಡುವ ಒಬ್ಬ ಪ್ರತಿ ವಾರ ಕಾಗದ ಬರೆದು ಮದುವೆಯಾಗು ಎನ್ನುತ್ತಿದ್ದನಂತೆ.

"ಆಗಬಹುದಿತ್ತು. ಈ ಸೆಕೆ ತಪ್ತಿತ್ತು" ಎಂದೆ.

"ಅವನಿಗೆ ಹಲ್ಲಿರಲಿಲ್ಲ. ಫೋಟೋ ಕಳಿಸಿದ್ದ" ಎಂದಳು.

ನಾನು ಫೋಟೋಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಹೊಲಿಯುವವಳ ಕಣ್ಣು, ಸಣ್ಣದ್ದು ಬೇಗ ಕಾಣುತ್ತದೆ. ಅರ್ಧಕ್ಕರ್ಧ ಫೋಟೋಗಳಲ್ಲಿ ಇನ್ನೊಬ್ಬಳು ಇದ್ದಳು. ಇಬ್ಬರೂ ನೆಟ್ಟಿನ ಎರಡು ಬದಿ, ಇಬ್ಬರೂ ಒಂದೇ ಬೆಂಚಿನಲ್ಲಿ. ದೂರದಿಂದ ಅಕ್ಕತಂಗಿಯರ ಹಾಗೆ ಕಾಣುತ್ತಿದ್ದರು. ಹಿಂದಿನ ಫೋಟೋಗಳಲ್ಲಿ ಗೆದ್ದ ಕಪ್ ನಮ್ಮ ಅಕ್ಕನ ಕೈಯಲ್ಲಿ, ಆಮೇಲಿನವುಗಳಲ್ಲಿ ಅವಳ ಕೈಯಲ್ಲಿ.

"ಇದು ಯಾರು?" ಎಂದೆ.

ಅಕ್ಕ ಆ ಹೆಸರು ಹೇಳಿದಳು. ಹೇಳುವಾಗ ಬಾಯಿ ಹುಳಿ ತಿಂದ ಹಾಗೆ ಆಯಿತು. ಆ ಹೆಸರು ನನಗೆ ಈಗಲೂ ನೆನಪಿದೆ. ಇಲ್ಲಿ ಬರೆಯುವುದಿಲ್ಲ. ಅವಳಿಗೆ ಬೇಕಾದಷ್ಟು ಹೆಸರು ಇದೆ, ನನ್ನಿಂದ ಇನ್ನಷ್ಟು ಬೇಡ.

ಕತೆ ಅವಳು ಆಮೇಲೆ ಸ್ವಲ್ಪ ಸ್ವಲ್ಪವೇ ಹೇಳಿದ್ದು. ಇಬ್ಬರೂ ಸಮಸಮ ಆಡುವವರು. ಒಂದು ಫೈನಲ್‌ನಲ್ಲಿ ಗೆದ್ದವರನ್ನು ಹೊರದೇಶಗಳಿಗೆ ಆಡಲು ಕಳಿಸುತ್ತೇವೆ ಎಂದಿದ್ದರು. ಅಕ್ಕ ಗೆಲ್ಲಲು ಇನ್ನು ಒಂದೇ ಒಂದು ಚೆಂಡು ಬೇಕಿತ್ತು. ಹೊಡೆದಳು. ಗೆರೆಯ ಹತ್ತಿರ ಬಿತ್ತು. ಒಳಗೆ ಬಿದ್ದಿದೆ ಎಂದು ಅಂಪೈರ್ ಹೇಳಿದ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇವಳು ಮಾತ್ರ ಅಂಪೈರ್ ಹತ್ತಿರ ಹೋಗಿ, ಇಲ್ಲ, ಹೊರಗೆ ಬಿದ್ದದ್ದು, ನಾನು ನೋಡಿದೆ ಎಂದು ಹೇಳಿದಳು. ಆ ಪಾಯಿಂಟ್ ಹೋಯಿತು. ಆಮೇಲೆ ಇನ್ನೊಂದು, ಮತ್ತೊಂದು... ಆಟವೇ ಹೋಯಿತು. ಆ ಇನ್ನೊಬ್ಬಳು ವಿಮಾನ ಹತ್ತಿದಳು. ಇವಳು ಮಾರನೆಯ ವರ್ಷ ಮೊಣಕಾಲು ಮುರಿದುಕೊಂಡಳು.

ನಾನು ಮೆಶಿನ್ ನಿಲ್ಲಿಸಿ ಅವಳ ಮುಖ ನೋಡಿದೆ.

"ನೀನು ಹೆಡ್ಡಿ" ಎಂದೆ.

"ಅದು ಎಂತ, ಹೆಡ್ಡಿ?"

"ತಲೆಯೊಳಗೆ ಎಂತದೂ ಇಲ್ಲದವಳು."

ಅವಳಿಗೆ ಸಿಟ್ಟು ಬರಲಿಲ್ಲ. ಆ ಶಬ್ದ ಬಹಳ ಇಷ್ಟವಾಯಿತು. ಮಾರನೆಯ ವಾರದಿಂದ ಆಟ ಕಲಿಯುವ ಹುಡುಗಿಯರನ್ನೆಲ್ಲ "ಯಲ್ಲಾ ಹೆಡ್ಡಿ, ಓಡು" ಎಂದು ಬೈಯತೊಡಗಿದಳು. ಆ ಮಕ್ಕಳು ಅದನ್ನು ರಷ್ಯನ್ ಎಂದೇ ತಿಳಿದುಕೊಂಡಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವಳಿಗೆ ತಮಾಷೆ ನಡೆಯುತ್ತಿರಲಿಲ್ಲ. ತೊಂಬತ್ತನೇ ಇಸವಿಯ ಬೇಸಿಗೆ ಶುರುವಾಗುವ ಮೊದಲು ಅವಳ ದೇಶದವರೊಬ್ಬರ ಮನೆಯಲ್ಲಿ ಪಾರ್ಟಿ ಇತ್ತು. ನಾನು ಹೊಲಿದುಕೊಟ್ಟ ನೀಲಿ ಫ್ರಾಕ್ ಹಾಕಿ ಹೋದವಳು ಒಂದೇ ಗಂಟೆಯಲ್ಲಿ ಹಿಂದೆ ಬಂದಳು. ಒಬ್ಬರು ಅವಳನ್ನು ನೋಡಿ ಸಂತೋಷದಿಂದ ಕೈ ಹಿಡಿದು, ಆ ಇನ್ನೊಬ್ಬಳ ಹೆಸರು ಹಿಡಿದು ಕರೆದರಂತೆ.

"ಅಲ್ಲ ಅಂತ ಹೇಳಿ ಊಟ ಮಾಡಿ ಬರ್ಬೇಕಪ್ಪ. ಊಟಕ್ಕೆ ಎಂತ ಆಗಿತ್ತು?" ಎಂದೆ.

"ನನ್ನನ್ನು ಯಾರು ಬೇಕಾದರೂ ಮರೆಯಲಿ. ಪರವಾಗಿಲ್ಲ" ಎಂದಳು ಅಕ್ಕ. "ಆದರೆ ಅವಳ ಹೆಸರಿನಲ್ಲಿ ನೆನಪಿಡುವುದು ಬೇಡ. ಅದು ನನಗೆ ಬೇಡ."

ಆ ದಿನ ಅವಳು ಅತ್ತಳೋ ಇಲ್ಲವೋ ಗೊತ್ತಿಲ್ಲ. ನಾನು ಬೆನ್ನು ಹಾಕಿ ದೋಸೆ ಎರೆಯುತ್ತಿದ್ದೆ. ಅಂಥ ಹೊತ್ತಿನಲ್ಲಿ ಮುಖ ನೋಡಬಾರದು.

ಆಗಸ್ಟ್‌ನಲ್ಲಿ ಇರಾಕಿನ ಸೈನ್ಯ ಬಂತು. ಅದನ್ನೆಲ್ಲ ಬಹಳ ಮಂದಿ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ರೊಟ್ಟಿಗೆ ಸಾಲು, ಗ್ಯಾಸಿಗೆ ಸಾಲು, ಪ್ರತಿ ತಿರುವಿನಲ್ಲಿ ಬಂದೂಕು. ಅಕ್ಕನ ದೇಶದವರು ಬೇಗ ಹೊರಟುಹೋದರು. ಅವಳಿಗೂ ಬಾ ಎಂದರು. ಅತ್ತೆಯನ್ನು ಎತ್ತಿಕೊಂಡು ಹೋಗಲಿಕ್ಕೆ ಆಗುತ್ತದಾ ಎಂದು ಅವಳು ಉಳಿದಳು.

ನಮ್ಮ ದೇಶದವರಲ್ಲಿಯೂ ಒಬ್ಬೊಬ್ಬರೇ ಹೊರಟರು. ಬಸ್ಸಿನಲ್ಲಿ ಬಸ್ರಾ, ಅಲ್ಲಿಂದ ಬಗ್ದಾದ್, ಅಲ್ಲಿಂದ ಜೋರ್ಡಾನ್, ಆಮೇಲೆ ವಿಮಾನದಲ್ಲಿ ಬೊಂಬಾಯಿ. ಸೆಪ್ಟೆಂಬರಿನಲ್ಲಿ ನಮ್ಮ ಹೆಸರೂ ಒಂದು ಬಸ್ಸಿನ ಪಟ್ಟಿಯಲ್ಲಿ ಬಂತು. ಆದರೆ ನಮ್ಮ ಪಾಸ್‌ಪೋರ್ಟ್ ನಮ್ಮ ಕೈಯಲ್ಲಿ ಇರಲಿಲ್ಲ. ಆಗ ಎಲ್ಲರದ್ದೂ ಹಾಗೆಯೇ, ಕೆಲಸಕ್ಕೆ ತಂದ ಕಫೀಲನ ಹತ್ತಿರ ಇರುವುದು. ನಮ್ಮ ಕಫೀಲ್ ಬೇಸಿಗೆ ರಜೆಗೆಂದು ದೇಶದ ಹೊರಗೆ ಹೋದವನು ಅಲ್ಲಿಯೇ ಉಳಿದಿದ್ದ. ಕೆಲಸದವರ ಪಾಸ್‌ಪೋರ್ಟುಗಳೆಲ್ಲ ಶುವೈಖ್‌ನ ಆಫೀಸಿನ ಕಪಾಟಿನಲ್ಲಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಬೇರೆ ಕಾಗದ ಕೊಡುತ್ತಾರೆ ಎಂದು ಕೆಲವರು, ಗಡಿಯಲ್ಲಿ ಇಳಿಸಿಬಿಡುತ್ತಾರೆ ಎಂದು ಕೆಲವರು. ಬಸ್ಸು ಹೊರಡಲು ಇನ್ನು ಎರಡು ದಿನ ಇತ್ತು.

"ನಾನು ಹೋಗಿ ತರ್ತೇನೆ. ಕಪಾಟಿನ ಬೀಗದ ಕೈ ಎಲ್ಲಿ ಇಡ್ತಾರೆ ಅಂತ ಗೊತ್ತುಂಟು" ಎಂದರು ನಮ್ಮವರು.

"ಬೇಡ. ಅಲ್ಲಿ ಗೋಡೌನು ದೋಚುವವರನ್ನು ಹಿಡೀತಿದ್ದಾರಂತೆ."

"ನಾನು ದೋಚ್ಲಿಕ್ಕೆ ಹೋಗುವುದಾ ಮಾರಾಯ್ತಿ? ನಮ್ಮದೇ ಪುಸ್ತಕ."

ಬೆಳಿಗ್ಗೆ ಏಳಕ್ಕೆ ಹೋದರು. ಹತ್ತೂವರೆಗೆ ಅವರ ಜೊತೆ ಹೋಗಿದ್ದ ಮಲಯಾಳಿ ಡ್ರೈವರ್ ಒಬ್ಬನೇ ಬಂದ. ಬಾಗಿಲಲ್ಲಿ ನಿಂತು, ಚೇಚಿ, ಎಂದ. ಅವರ ಮಾತಿನಲ್ಲಿ ಅಕ್ಕ ಎಂದು. ನಾನು ನೀರು ಕೊಟ್ಟೆ. ಕುಡಿದ ಮೇಲೆ ಹೇಳಿದ. ನಮ್ಮವರು ತಮ್ಮದೊಂದೇ ತರಲಿಲ್ಲ, ಜೊತೆಯವರದ್ದೂ ಇರಲಿ ಎಂದು ಕಪಾಟಿನಲ್ಲಿ ಇದ್ದ ಪಾಸ್‌ಪೋರ್ಟೆಲ್ಲ ಒಂದು ಚೀಲಕ್ಕೆ ತುಂಬಿಸಿ ಹೊರಗೆ ಬಂದಿದ್ದಾರೆ. ಬಾಗಿಲಲ್ಲೇ ಸೈನಿಕರು. ಬೀಗ ಹಾಕಿದ ಆಫೀಸಿನಿಂದ ಚೀಲ ಹಿಡಿದು ಹೊರಗೆ ಬಂದವನು, ಚೀಲದ ಒಳಗೆ ಬೇರೆಯವರ ಪಾಸ್‌ಪೋರ್ಟು. ಹೊಡೆದು ಜೀಪಿಗೆ ಹಾಕಿಕೊಂಡು ಠಾಣೆಗೆ ಕರೆದುಕೊಂಡು ಹೋಗಿದ್ದಾರೆ.

ಕಳ್ಳತನದಲ್ಲಿ ಸಿಕ್ಕವರು ಜೀವಂತ ಹಿಂದೆ ಬರುವುದಿಲ್ಲ ಎಂದು ಆಗ ಎಲ್ಲರಿಗೂ ಗೊತ್ತಿತ್ತು.

ನಾನು ಚಪ್ಪಲಿ ಹಾಕಿಕೊಂಡು ಅಕ್ಕನ ಮನೆಗೆ ನಡೆದೆ. ಅವಳು ಅತ್ತೆಗೆ ಗಂಜಿ ಕುಡಿಸುತ್ತಿದ್ದಳು. ನಾನು ಹೇಳಿದ್ದನ್ನು ಪೂರ್ತಿ ಕೇಳಿದಳು. ಅವಳ ಗಂಡ ತಾನೂ ಬರುತ್ತೇನೆ ಎಂದು ಎದ್ದರು.

"ನೀವು ಕೂತುಕೊಳ್ಳಿ. ಗಂಡಸರು ಬಂದರೆ ಒಬ್ಬರ ಬದಲಿಗೆ ಇಬ್ಬರು ಒಳಗೆ" ಎಂದಳು.

ಒಳಗೆ ಹೋಗಿ ಹಳೆಯ ಜರ್ಕಿನ್ ಹಾಕಿಕೊಂಡು ಬಂದಳು. ಆಟಕ್ಕೆ ಹೋಗುವಾಗ ಅವಳ ದೇಶದವರು ಕೊಟ್ಟದ್ದು, ಎದೆಯ ಮೇಲೆ ದೊಡ್ಡ ಅಕ್ಷರದಲ್ಲಿ ದೇಶದ ಹೆಸರು. ಸೆಪ್ಟೆಂಬರಿನ ಬಿಸಿಲಿನಲ್ಲಿ ಅದನ್ನು ಹಾಕಿಕೊಂಡವಳ ಮುಖ ತನ್ನ ಕಾರು ಹತ್ತುವುದರೊಳಗೆ ಟೊಮೆಟೊ ಹಣ್ಣಿನ ಹಾಗೆ ಆಗಿತ್ತು. "ಇವರಿಗೆ ಟ್ಯಾಂಕು ಕೊಟ್ಟದ್ದು ನಾವು. ಒಂದು ಕುರ್ಚಿಯಾದರೂ ಕೊಡಬೇಡವಾ?" ಎಂದಳು.

ಠಾಣೆಯಲ್ಲಿ ಕುರ್ಚಿ ಕೊಟ್ಟರು. ಮೇಜಿನ ಹಿಂದೆ ನಲವತ್ತರ ಒಬ್ಬ ಆಫೀಸರ್, ದಪ್ಪ ಮೀಸೆ, ಕಣ್ಣು ಕೆಂಪಾಗಿತ್ತು, ನಿದ್ದೆಯಿಲ್ಲದವನ ಹಾಗೆ. ಜರ್ಕಿನಿನ ಅಕ್ಷರ ನೋಡಿದವನೇ ರಷ್ಯನ್‌ನಲ್ಲಿ ಮಾತಾಡಿದ. ಅಲ್ಲಿ ಓದಿ ಬಂದವನಂತೆ. ಅವರ ಮಾತು ನನಗೆ ಒಂದೂ ಗೊತ್ತಾಗಲಿಲ್ಲ. ನಾನು ಅಕ್ಕನ ಕೈ ನೋಡುತ್ತಿದ್ದೆ. ಅವಳು ಏನೋ ಹೇಳುತ್ತಿದ್ದಂತೆ ಅವನು ಮಧ್ಯದಲ್ಲಿ ತಡೆದ. ತಲೆ ಓರೆ ಮಾಡಿ ಅವಳ ಮುಖವನ್ನೇ ನೋಡಿದ. ಟೆನಿಸ್, ಎಂದ. ಅದು ನನಗೂ ತಿಳಿಯಿತು. ಆಮೇಲೆ ಮುಖವೆಲ್ಲ ಅರಳಿಸಿ ಒಂದು ಹೆಸರು ಹೇಳಿದ.

ಅದು ಆ ಇನ್ನೊಬ್ಬಳ ಹೆಸರು.

ಅಲ್ಲಿಂದ ಅವಳು ಎದ್ದು ಹೋಗುತ್ತಾಳೆ ಎಂದೇ ನಾನು ತಿಳಿದೆ. ಮೊಣಕಾಲಿನ ಮೇಲಿದ್ದ ಅಕ್ಕನ ಕೈ ಮುಷ್ಟಿಯಾಯಿತು. ಆಮೇಲೆ ನಕ್ಕಳು. "ದಾ" ಎಂದಳು. ಹೌದು ಎಂದು.

ಆ ಆಫೀಸರ್ ಎದ್ದು ನಿಂತ. ಚಹಾ ತರಿಸಿದ. ಕೈಯಾಡಿಸುತ್ತ ಏನೇನೋ ಹೇಳಿದ, ಗೆರೆ ಎಳೆದು ತೋರಿಸಿದ, ಬೆರಳೆತ್ತಿದ. ಅಕ್ಕ ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದಳು. ಅವನು ಸಹಿ ಹಾಕಿ ಕೊಡಿ ಎಂಬಂತೆ ಒಂದು ಕಾಗದ ಮುಂದೆ ತಳ್ಳಿ ಪೆನ್ನು ಕೊಟ್ಟ. ಅಕ್ಕ ಬಲಗೈಯಲ್ಲಿ ಪೆನ್ನು ಹಿಡಿದದ್ದೇ, ಅವನ ಹುಬ್ಬು ಮೇಲೆ ಹೋಯಿತು. ತನ್ನ ಎಡಗೈ ಎತ್ತಿ, ರಾಕೆಟ್ ಬೀಸಿದ ಹಾಗೆ ಬೀಸಿ ತೋರಿಸಿದ. ಬಾಯಲ್ಲಿ ಏನೋ ಪ್ರಶ್ನೆ. ಆ ಇನ್ನೊಬ್ಬಳು ಎಡಗೈಯವಳು.

ಅಕ್ಕ ಏನೋ ತಮಾಷೆಯ ಮಾತು ಆಡಿ, ಪೆನ್ನನ್ನು ಎಡಗೈಗೆ ದಾಟಿಸಿದಳು. ಬರೆದಳು. ನಿಧಾನಕ್ಕಲ್ಲ, ಸರಸರ ಬರೆದು ಕೆಳಗೆ ಒಂದು ಗೆರೆಯನ್ನೂ ಎಳೆದಳು. ಆಫೀಸರ್ ಅದನ್ನು ಮಡಚಿ ಅಂಗಿಯ ಕಿಸೆಯೊಳಗೆ ಇಟ್ಟು ಗುಂಡಿ ಹಾಕಿಕೊಂಡ.

ಆಗ ಅಕ್ಕ ನನ್ನತ್ತ ಕೈ ತೋರಿಸಿ ಅರಬಿಯಲ್ಲೇ ಹೇಳಿದಳು, ನನಗೂ ಗೊತ್ತಾಗಲಿ ಎಂದು.

"ಇವಳ ಗಂಡ ನನ್ನ ಡ್ರೈವರ್. ಆ ಚೀಲ ತರಲಿಕ್ಕೆ ಕಳಿಸಿದ್ದು ನಾನು. ಅವನದ್ದು ತಪ್ಪಿಲ್ಲ."

ಅವನು ಅವಳನ್ನು ಒಂದು ಸಲ ನೋಡಿದ. ಖಲಾಸ್, ಎಂದ. ಆಯಿತು, ಮುಗಿಯಿತು ಎಂದು. ಬಾಗಿಲ ಕಡೆ ತಿರುಗಿ ಯಾರನ್ನೋ ಕೂಗಿದ.

ನಮ್ಮವರು ಬಂದರು. ಎಡ ಕಿವಿ ಊದಿಕೊಂಡಿತ್ತು, ಅಂಗಿಯ ಗುಂಡಿ ಒಂದೂ ಇರಲಿಲ್ಲ. ಚೀಲ ಎದೆಗೆ ಅವುಚಿಕೊಂಡಿದ್ದರು. ಕಾರು ಎರಡು ತಿರುವು ದಾಟಿದ ಮೇಲೆ ಬಾಯಿ ಬಿಟ್ಟರು.

"ನನ್ನನ್ನು ಬಿಡಿಸಿದ್ದು ಯಾರು ಮಾರಾಯ್ತಿ? ರಷ್ಯಾ ಸರಕಾರವಾ?"

ಅಕ್ಕ ಆಗ ಕಾರನ್ನು ಬದಿಗೆ ನಿಲ್ಲಿಸಿ ಜರ್ಕಿನ್ ಬಿಚ್ಚಿ ಹಿಂದಿನ ಸೀಟಿಗೆ ಎಸೆದಳು. ಒಳಗಿನ ಅಂಗಿ ನೆನೆದು ಬೆನ್ನಿಗೆ ಅಂಟಿಕೊಂಡಿತ್ತು.

"ಎಡಗೈಯಲ್ಲಿ ಬರೆಯಲಿಕ್ಕೆ ನಿನಗೆ ಯಾರು ಕಲಿಸಿದ್ದು?" ಎಂದು ನಾನು ಕೇಳಿದೆ.

"ಅವಳೇ" ಎಂದಳು. "ಅವಳು ಹೊಡೆದ ಚೆಂಡು ಹೇಗೆ ಬರುತ್ತದೆ ಅಂತ ಗೊತ್ತಾಗಬೇಕಲ್ಲ. ಒಂದು ಚಳಿಗಾಲ ಪೂರ್ತಿ ನಾನು ಎಡಗೈಯಲ್ಲೇ ಆಡಿದೆ, ಉಂಡೆ, ಬರೆದೆ. ಅವಳ ಸಹಿಯನ್ನು ಪೇಪರ್ ನೋಡಿ ಬರೆದು ಬರೆದು ಹರಿದು ಹಾಕುತ್ತಿದ್ದೆ. ಸಿಟ್ಟಿಗೆ."

"ನಿನ್ನ ಹೆಸರನ್ನೇ ಹೇಳಿದ್ದರೆ ಆಗ್ತಿರಲಿಲ್ವಾ?"

ಅವಳು ಆ ಆಫೀಸರ್ ಹೇಳಿದ್ದನ್ನು ಒಂದೊಂದಾಗಿ ಹೇಳಿದಳು. ಅವನು ಅಲ್ಲಿ ಓದುವಾಗ ಹಾಸ್ಟೆಲಿನ ಟಿವಿಯಲ್ಲಿ ಒಂದು ಆಟ ನೋಡಿದ್ದನಂತೆ. ಅದೇ ಫೈನಲ್. ಒಬ್ಬಳು ಗೆಲ್ಲುವ ಹೊತ್ತಿನಲ್ಲಿ ತನ್ನ ಚೆಂಡು ಹೊರಗೆ ಬಿದ್ದಿದೆ ಎಂದು ತಾನೇ ಹೇಳಿದ್ದು ಅವನಿಗೆ ಮರೆತಿರಲಿಲ್ಲ. ತನ್ನ ಸೈನಿಕರಿಗೂ ಆ ಕತೆ ಹೇಳುತ್ತಿದ್ದನಂತೆ. ಆದರೆ ಅವನಿಗೆ ನೆನಪಿದ್ದ ಹೆಸರು ಗೆದ್ದವಳದ್ದು.

"ಅವನ ತಲೆಯೊಳಗೆ ನಾವಿಬ್ಬರೂ ಸೇರಿ ಒಬ್ಬಳೇ ಆಗಿಬಿಟ್ಟಿದ್ದೇವೆ" ಎಂದಳು ಅಕ್ಕ. "ಹೆಸರು ಅವಳದ್ದು, ಎಡಗೈ ಅವಳದ್ದು. ಆ ಚೆಂಡು ನನ್ನದು. ನಿಮ್ಮಂಥವರು ಸುಳ್ಳು ಹೇಳುವವರಲ್ಲ ಅಂತ ಹೇಳಿದ. ಅದಕ್ಕೇ ಬಿಟ್ಟದ್ದು."

ನಮ್ಮವರು ಹಿಂದಿನ ಸೀಟಿನಲ್ಲಿ ಕಿವಿ ಮುಟ್ಟಿಕೊಳ್ಳುತ್ತ ಕುಳಿತಿದ್ದರು. ಉಪಕಾರ ಆಯಿತು ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಈಗಲೂ ನೀನು ಹೆಡ್ಡಿಯೇ" ಎಂದೆ.

"ಇಲ್ಲ" ಎಂದಳು. "ಇಷ್ಟು ವರ್ಷಕ್ಕೆ ಒಂದು ಸಲ ಅವಳನ್ನು ನಾನು ಕೆಲಸಕ್ಕೆ ಇಟ್ಟುಕೊಂಡೆ."

ಮನೆ ಮುಟ್ಟಿದ ಮೇಲೆ ಕಾರಿನಿಂದ ಇಳಿಯದೆ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟು ಸ್ವಲ್ಪ ಹೊತ್ತು ಕುಳಿತಿದ್ದಳು. ನಾನು ಪಕ್ಕದಲ್ಲೇ ಕುಳಿತಿದ್ದೆ. ಆ ಹೊತ್ತು ಮುಖ ನೋಡಿದೆ. ನೋಡಬೇಕು ಅನ್ನಿಸಿತು...

ಮಾರನೆಯ ದಿನ ನಮ್ಮವರು ಆ ಪಾಸ್‌ಪೋರ್ಟುಗಳನ್ನು ಮನೆಮನೆಗೆ ಹೋಗಿ ಕೊಟ್ಟು ಬಂದರು. ಅದರ ಮಾರನೆಯ ದಿನ ಬೆಳಿಗ್ಗೆ ಬಸ್ಸು. ನನ್ನ ಮೆಶಿನನ್ನು ಅಕ್ಕನ ಮನೆಯಲ್ಲಿ ಬಿಟ್ಟೆ. ಅವಳು ಒಂದು ಡಬ್ಬ ಬಿಸ್ಕತ್ತು, ಎರಡು ಬಾಟಲಿ ನೀರು ತಂದುಕೊಟ್ಟಳು. ದಾರಿಯಲ್ಲಿ ಮರುಭೂಮಿಯ ಡೇರೆಯಲ್ಲಿ ಒಂಬತ್ತು ದಿನ ಕಳೆಯುವಾಗ ಆ ಬಿಸ್ಕತ್ತೇ ನಮಗೆ ಆಗಿದ್ದು. "ಬೇಗ ಬಾ. ಹುಡುಗಿಯರ ಲಂಗ ಬಾಕಿ ಉಂಟು" ಎಂದಳು. "ಬರ್ತೇನೆ" ಎಂದೆ. ಬಸ್ಸು ಹೊರಟಾಗ ಅವಳು ಕೈ ಬೀಸಲಿಲ್ಲ. ಸೊಂಟದ ಮೇಲೆ ಕೈ ಇಟ್ಟು, ಆಟ ನೋಡುವವರ ಹಾಗೆ ನಿಂತಿದ್ದಳು.

ತೊಂಬತ್ತೊಂದರ ಕೊನೆಗೆ ನಮ್ಮವರು ಮತ್ತೆ ಕೆಲಸಕ್ಕೆ ಕುವೈತಿಗೆ ಬಂದರು. ನಾನು ಊರಿನಲ್ಲೇ ಇದ್ದೆ. ಅಕ್ಕನ ಮನೆಗೆ ಮೊದಲು ಹೋಗಿ ನೋಡಿ ಬರೆಯಿರಿ ಎಂದಿದ್ದೆ. ಬರೆದರು. ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಆ ವರ್ಷ ಪ್ಯಾಲೆಸ್ತೀನಿನವರು ಬಹಳ ಮಂದಿ ದೇಶ ಬಿಡಬೇಕಾಯಿತಂತೆ. ಅತ್ತೆ ತೀರಿಕೊಂಡಿದ್ದರು. ಗಂಡ ಹೆಂಡತಿ ಜೋರ್ಡಾನಿಗೆ ಹೋದರು ಎಂದು ಒಬ್ಬರು, ರಷ್ಯಾಕ್ಕೆ ಎಂದು ಇನ್ನೊಬ್ಬರು. ಅವಳ ದೇಶವೂ ಅದೇ ಹೊತ್ತಿಗೆ ಒಡೆದು ಚೂರಾಯಿತು. ಎಲ್ಲಿಗೆ ಎಂದು ಕಾಗದ ಬರೆಯುವುದು?

ನಮ್ಮ ಮನೆಯವರು ಅದಾದ ಮೇಲೆ ಇಪ್ಪತ್ತೇಳು ವರ್ಷ ಬದುಕಿದರು. ಮಗಳ ಮದುವೆ ಮಾಡಿದರು, ಮೊಮ್ಮಗಳನ್ನು ಎತ್ತಿಕೊಂಡರು, ಸಕ್ಕರೆ ಕಾಯಿಲೆ ಇದ್ದರೂ ಕದ್ದು ಹೋಳಿಗೆ ತಿಂದರು, ನನ್ನ ಹತ್ತಿರ ಬೈಸಿಕೊಂಡರು. ನಿದ್ದೆಯಲ್ಲಿ ಹೋದರು. ಆ ಇಪ್ಪತ್ತೇಳು ವರ್ಷ ಯಾರು ಕೊಟ್ಟದ್ದು ಎಂದು ನನಗೆ ಗೊತ್ತು, ಅವರಿಗೂ ಗೊತ್ತಿತ್ತು.

ಮೊನ್ನೆ ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿ ಫೋನ್ ತೆಗೆದಳು. "ಲೆಟ್ಸ್ ಫೈಂಡ್ ಹರ್. ವಾಟ್ಸ್ ಹರ್ ನೇಮ್?" ಎಂದಳು. ನಾನು ಆ ಇನ್ನೊಬ್ಬಳ ಹೆಸರು ಹೇಳಿದೆ. ಒಂದು ನಿಮಿಷದಲ್ಲಿ ಬಂತು, ಮುದುಕಿಯಾಗಿದ್ದಾಳೆ, ಪದಕ ಹಾಕಿಕೊಂಡಿದ್ದಾಳೆ, ಫೋಟೋ ಮೇಲೆ ಫೋಟೋ. ಒಂದು ಹಳೆಯ ಫೋಟೋದಲ್ಲಿ ನೆಟ್ಟಿನ ಹತ್ತಿರ ಎದುರು ಆಡಿದವಳ ಕೈ ಕುಲುಕುತ್ತಿದ್ದಾಳೆ. ಎದುರು ಆಡಿದವಳು ಕ್ಯಾಮೆರಾಕ್ಕೆ ಬೆನ್ನು ಹಾಕಿದ್ದಾಳೆ. ಅಗಲ ಭುಜ, ಎರಡು ಜಡೆ. ಕೆಳಗೆ ಬರೆದದ್ದು ಒಂದೇ ಹೆಸರು, ಗೆದ್ದವಳದ್ದು.

"ಓಕೆ, ಆದರೆ ನಿಮ್ಮ ಫ್ರೆಂಡ್ ನೇಮ್ ಎಂತ?" ಎಂದು ಮೊಮ್ಮಗಳು ಈ ಸಲ ಕನ್ನಡದಲ್ಲೇ ಕೇಳಿದಳು.

ನಾನು ಬಾಯಿ ತೆರೆದೆ. ಬರಲಿಲ್ಲ. ಮರೆತದ್ದಲ್ಲ, ನನಗೆ ಗೊತ್ತೇ ಇರಲಿಲ್ಲ. ಎರಡು ವರ್ಷ ದಿನಾ ನನ್ನ ಮೆಶಿನಿನ ಪಕ್ಕ ಕುಳಿತವಳು. ಹುಡುಗಿಯರು ಕೋಚ್ ಎನ್ನುತ್ತಿದ್ದರು. ಗಂಡ ಏನೋ ಮುದ್ದಿನಲ್ಲಿ ಕರೆಯುತ್ತಿದ್ದರು, ನಾನು ಕಿವಿಗೊಟ್ಟು ಕೇಳಿದವಳಲ್ಲ. ನನಗೆ ಅವಳು ಅಕ್ಕ. ನಮ್ಮಲ್ಲಿ ನಮಗಿಂತ ದೊಡ್ಡವರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಕೇಳುವುದೂ ಇಲ್ಲ. ಅದು ಮರ್ಯಾದೆ ಎಂದೇ ನಾನು ನಡೆದುಕೊಂಡದ್ದು. ನಮಗೋಸ್ಕರ ತನ್ನ ಹೆಸರು ಬಿಟ್ಟುಕೊಟ್ಟವಳನ್ನು ಹುಡುಕಲಿಕ್ಕೆ ಈಗ ನನ್ನ ಹತ್ತಿರ ಇರುವುದು ಆ ಮರ್ಯಾದೆಯೊಂದೇ.

ಮೊಮ್ಮಗಳು ಫೋನ್ ಹಿಡಿದು ಕಾಯುತ್ತಲೇ ಇದ್ದಳು.

"ಅಕ್ಕ ಅಂತ ಹಾಕಿ ನೋಡು" ಎಂದೆ.